ಅಜ್ಜನ ಹೆಸರಿನ ಮೀಟರು: ಅಂತೂರ ಬೆಂತೂರದ ಟಿಪ್ಪಣಿಗಳು

ಒಂದು ಪ್ರಶ್ನೆ

ಗದಗ ತಾಲ್ಲೂಕಿನ ಅಂತೂರ ಬೆಂತೂರದಲ್ಲಿ ನಾನು ಮಾತಾಡಿಸಿದವರಿಗೆಲ್ಲ ಸುದ್ದಿ ಗೊತ್ತಿತ್ತು: ಮನೆ ಮೇಲೆ ಸೋಲಾರ್ ಹಾಕಿಸಿದರೆ ಸರಕಾರ ಸಹಾಯಧನ ಕೊಡುತ್ತದೆ. ಮೊಬೈಲಿನಲ್ಲಿ ನೋಡಿದ್ದಾರೆ, ಸಂತೆಗೆ ಹೋದಾಗ ಕೇಳಿದ್ದಾರೆ. ನೀವು ಅರ್ಜಿ ಹಾಕಿದಿರಾ ಎಂದು ಕೇಳಿದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಯೋಜನೆ ಇದೆ, ಹಣ ಇದೆ, ಈ ಎರಿ ನೆಲದ ಮೇಲೆ ಬಿಸಿಲಿಗಂತೂ ಕೊರತೆ ಇಲ್ಲ. ಹಾಗಾದರೆ ನಡುವೆ ತಡೆದದ್ದು ಏನು? ಅದನ್ನು ಹುಡುಕುತ್ತ ಬರೆದುಕೊಂಡ ಟಿಪ್ಪಣಿಗಳು ಇವು.

ಯೋಜನೆಯ ಮಾತು

ಪಿಎಂ ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆ 2024ರ ಫೆಬ್ರುವರಿಯಲ್ಲಿ ಬಂತು. ಗುರಿ ಒಂದು ಕೋಟಿ ಮನೆ, ತೆಗೆದಿಟ್ಟ ಹಣ 75,021 ಕೋಟಿ ರೂಪಾಯಿ. ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಮೂರು ಕಿಲೋವಾಟ್ ದಾಟಿದರೆ ಎಷ್ಟೇ ದೊಡ್ಡದು ಹಾಕಿಸಿದರೂ ಮೊತ್ತ ಏರುವುದಿಲ್ಲ. ಸರಕಾರ ಈ ಲೆಕ್ಕಕ್ಕೆ ಹಿಡಿದ ಮೂಲದರ ಮೊದಲ ಎರಡು ಕಿಲೋವಾಟಿಗೆ ತಲಾ 50,000, ಮೂರನೆಯದಕ್ಕೆ 45,000. ಎಂದರೆ ಮೊದಲ ಎರಡರಲ್ಲಿ ನೂರಕ್ಕೆ ಅರವತ್ತು, ಮೂರನೆಯದರಲ್ಲಿ ನೂರಕ್ಕೆ ನಲವತ್ತು ಸರಕಾರದ ಪಾಲು.

ಇದು ಸಣ್ಣ ಮೊತ್ತವಲ್ಲ. ನಮ್ಮ ಕಡೆ ಒಂದು ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್, ತಿಂಗಳಿಗೆ ನೂರಿಪ್ಪತ್ತರ ಆಸುಪಾಸು ಕೊಡುತ್ತದೆ. ಅದಕ್ಕೆ ಬೇಕಾಗುವ ಜಾಗ ಸುಮಾರು ನೂರು ಚದರ ಅಡಿ. ಹಳ್ಳಿಯ ಮನೆಗೆ ಇದು ಸಾಕಷ್ಟು ಕರೆಂಟು.

ಅರ್ಜಿಯ ದಾರಿ

ಕಾಗದದ ಮೇಲೆ ದಾರಿ ನೇರವಾಗಿದೆ. ರಾಷ್ಟ್ರೀಯ ಪೋರ್ಟಲ್ಲಿನಲ್ಲಿ ರಾಜ್ಯ, ವಿದ್ಯುತ್ ಕಂಪನಿ, ಗ್ರಾಹಕ ಸಂಖ್ಯೆ, ಮೊಬೈಲ್ ನಂಬರು ಕೊಟ್ಟು ಹೆಸರು ನೋಂದಾಯಿಸಬೇಕು. ನಮ್ಮ ಭಾಗಕ್ಕೆ ಕಂಪನಿ ಎಂದರೆ ಹೆಸ್ಕಾಂ. ಆಮೇಲೆ ಅರ್ಜಿ. ಹತ್ತು ಕಿಲೋವಾಟಿನವರೆಗೆ ತಾಂತ್ರಿಕ ಪರಿಶೀಲನೆಗೆ ಕಾಯಬೇಕಿಲ್ಲ, ಒಪ್ಪಿಗೆ ಸಿಕ್ಕಂತೆಯೇ ಎಂದು 2024ರಲ್ಲಿ ನಿಯಮ ಬದಲಾಯಿಸಿದರು. ನೋಂದಾಯಿತ ಮಾರಾಟಗಾರರಲ್ಲಿ ಒಬ್ಬರನ್ನು ಆರಿಸಿ, ಒಪ್ಪಂದ ಮಾಡಿಕೊಂಡು, ಫಲಕ ಹಾಕಿಸಬೇಕು. ನಂತರ ಒಳಗೂ ಹೊರಗೂ ಹರಿಯುವ ಕರೆಂಟನ್ನು ಅಳೆಯುವ ನೆಟ್ ಮೀಟರು, ಹೆಸ್ಕಾಂ ತಪಾಸಣೆ, ಚಾಲನೆಯ ಪ್ರಮಾಣಪತ್ರ. ಕಡೆಗೆ ಬ್ಯಾಂಕ್ ಖಾತೆಯ ವಿವರ ಕೊಟ್ಟರೆ ಸಹಾಯಧನ ನೇರ ಮನೆಯವರ ಖಾತೆಗೆ.

ಇನ್ನೊಂದು ಷರತ್ತು: ಭಾರತದಲ್ಲೇ ತಯಾರಾದ ಸೌರಕೋಶದಿಂದ ಭಾರತದಲ್ಲೇ ಕಟ್ಟಿದ ಫಲಕ ಇರಬೇಕು. ಅಗ್ಗದ ಬೇರೆ ಫಲಕ ಹಾಕಿಸಿದವರಿಗೆ ಕರೆಂಟು ಬರುತ್ತದೆ, ಸಹಾಯಧನ ಬರುವುದಿಲ್ಲ.

ಇಷ್ಟನ್ನು ಓದಿದಾಗ ಕಷ್ಟದ್ದೇನೂ ಕಾಣಲಿಲ್ಲ. ಊರೊಳಗೆ ಹೋಗಿ ಕೂತಾಗ ಒಂದೊಂದೇ ಕಾಣತೊಡಗಿತು.

ಹೆಸರು

"ಮೀಟರ್ ನಮ್ಮ ಅಜ್ಜಾರ ಹೆಸರ್ಲೆ ಐತ್ರಿ. ಅವರು ತೀರ್ಕೊಂಡು ಭಾಳ ವರ್ಷ ಆತು. ಬಿಲ್ ಮಾತ್ರ ಇನ್ನೂ ಅವರ ಹೆಸರಿಗೇ ಬರ್ತೈತಿ."

ಈ ಮಾತು ಒಂದು ಮನೆಯದಲ್ಲ. ಬಿಲ್ಲು ಕಟ್ಟುತ್ತ ಹೋದರೆ ಯಾರ ಹೆಸರಿದ್ದರೂ ದೀಪ ಉರಿಯುತ್ತದೆ. ಹಾಗಾಗಿ ಹೆಸರು ಬದಲಾಯಿಸುವ ಗೋಜಿಗೆ ಯಾರೂ ಹೋಗಿಲ್ಲ. ಆದರೆ ಸೋಲಾರ್ ಅರ್ಜಿಯಲ್ಲಿ ಬಿಲ್ಲಿನ ಹೆಸರು, ಅರ್ಜಿದಾರರ ಹೆಸರು, ಬ್ಯಾಂಕ್ ಖಾತೆಯ ಹೆಸರು ಹೊಂದಬೇಕು. ತೀರಿಹೋದ ಅಜ್ಜನಿಗೆ ಸಹಾಯಧನ ಹಾಕಲು ಖಾತೆ ಎಲ್ಲಿಂದ ತರುವುದು?

ಹೆಸರು ಬದಲಾಯಿಸಬೇಕೆಂದರೆ ಮರಣ ದಾಖಲೆ, ಮನೆಯ ಉತಾರ, ಉಳಿದ ವಾರಸುದಾರರ ಒಪ್ಪಿಗೆ, ಸ್ಟ್ಯಾಂಪ್ ಪೇಪರಿನ ಮೇಲೆ ಮುಚ್ಚಳಿಕೆ. ಇಲ್ಲಿಗೆ ಬಂದಾಗ ಅದೇ ಮನೆಯ ಹಿರಿಯರು ತಗ್ಗಿದ ದನಿಯಲ್ಲಿ ಹೇಳಿದರು: "ಅಣ್ತಮ್ಮರೊಳಗ ವಾಟ್ನಿ ಆಗಿಲ್ರಿ. ಈಗ ಮೀಟರ್ ಯಾರ ಹೆಸರಿಗೆ ಮಾಡ್ಸೂದು ಅಂತ ಕೇಳಿದ್ರ, ಮನಿ ಯಾರ್ದು ಅನ್ನೂ ಮಾತು ಏಳ್ತೈತಿ."

ಅರ್ಥವಾಯಿತು. ಅರ್ಜಿ ಕೇಳಿದ್ದು ಒಂದು ಹೆಸರನ್ನು. ಆ ಹೆಸರಿನ ಹಿಂದೆ ಹಂಚಿಕೆಯಾಗದ ಒಂದು ಮನೆ, ಪುಣೆಯಲ್ಲೋ ಗೋವಾದಲ್ಲೋ ದುಡಿಯುವ ಒಬ್ಬ ತಮ್ಮ, ಗಂಡನ ಮನೆಗೆ ಹೋದ ಇಬ್ಬರು ಅಕ್ಕಂದಿರು ಇದ್ದಾರೆ. ಅರವತ್ತು ಸಾವಿರದ ಆಸೆಗೆ ಇವರನ್ನೆಲ್ಲ ಒಂದೇ ಕಾಗದದ ಮೇಲೆ ಸಹಿಗೆ ಕೂಡಿಸುವುದು ಯಾವ ಮನೆಗೂ ಹಗುರದ ಕೆಲಸವಲ್ಲ.

ಮೇಲ್ಮುದ್ದಿ

ಎರಡನೆಯ ತಡೆ ತಲೆಯ ಮೇಲೆಯೇ ಇದೆ. ಫಲಕ ಹಾಕಲು ತಕ್ಕ ಛಾವಣಿ ಇರಬೇಕು ಎನ್ನುತ್ತದೆ ನಿಯಮ. ನಮ್ಮ ಕಡೆಯ ಹಳೆಯ ಮನೆ ಮೇಲ್ಮುದ್ದಿಯದು. ದಪ್ಪ ಕಲ್ಲುಮಣ್ಣಿನ ಗೋಡೆ, ಕಂಬ, ತೊಲೆ, ಜಂತಿ, ಅದರ ಮೇಲೆ ಹಲಗೆಯೋ ಕಟ್ಟಿಗೆಯೋ, ಅದರ ಮೇಲೆ ದಪ್ಪನೆಯ ಮಣ್ಣು. ಮಳೆಗಾಲಕ್ಕೆ ಮುಂಚೆ ಮಾಳಿಗಿಗೆ ಮತ್ತೆ ಮಣ್ಣು ಹಾಕಿ ಬಡಿಯುತ್ತಾರೆ. ಅದಕ್ಕೆ ಉಕ್ಕಿನ ಚೌಕಟ್ಟು ಬಿಗಿಯಲು ಬರುವುದಿಲ್ಲ. ಬಿಗಿದರೆ ತೂತಿನಲ್ಲಿ ನೀರು ಇಳಿಯುತ್ತದೆ.

ಈಗ ನನ್ನ ಗೊಂದಲ ಇಲ್ಲಿದೆ. ಏಪ್ರಿಲ್ ಮಧ್ಯಾಹ್ನ ಮೇಲ್ಮುದ್ದಿ ಮನೆಯ ಪಡಸಾಲೆಯಲ್ಲಿ ಕೂತರೆ ಫ್ಯಾನ್ ಬೇಕು ಅನ್ನಿಸುವುದಿಲ್ಲ. ಮಣ್ಣು ಬಿಸಿಲನ್ನು ಒಳಗೆ ಬಿಡಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಸಂಜೆಯ ಗಾಳಿ ಬಂದಿರುತ್ತದೆ. ಬೆಳಕಿಂಡಿಯಿಂದ ಹಗಲು ದೀಪದ ಕೆಲಸ ತಪ್ಪುತ್ತದೆ. ವಿದ್ಯುತ್ ಉಳಿಸುವ ಮನೆ ಯಾವುದು ಎಂದರೆ ಊರಲ್ಲಿ ಇದೇ ಮೊದಲನೆಯದು. ಆದರೆ ಸಹಾಯಧನಕ್ಕೆ ಈ ಮನೆ ಲೆಕ್ಕಕ್ಕಿಲ್ಲ. ಪಕ್ಕದ ಆರ್‌ಸಿಸಿ ಮನೆ ರಾತ್ರಿ ಹನ್ನೊಂದಕ್ಕೂ ಮೇಲಿನಿಂದ ಬಿಸಿ ಉಗುಳುತ್ತದೆ, ಎರಡು ಫ್ಯಾನು ತಿರುಗಿಸುತ್ತದೆ. ಅದು ಅರ್ಹ.

ಮೇಲ್ಮುದ್ದಿಯನ್ನು ಹೊಗಳಿ ಕೂರುವುದೂ ಸರಿಯಲ್ಲ. ಬಿಡದೆ ಮಳೆ ಹಿಡಿದರೆ ಅದು ನೆನೆಯುತ್ತದೆ, ತೊಲೆ ಕೊಳೆಯುತ್ತದೆ, ಗೋಡೆ ಕುಸಿಯುತ್ತದೆ. 2019ರ ಆಗಸ್ಟಿನ ಮಳೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾವಿರಗಟ್ಟಲೆ ಮಣ್ಣಿನ ಮನೆ ಬಿದ್ದವು. ಮಕ್ಕಳನ್ನು ಮಲಗಿಸಿಕೊಂಡ ತಾಯಿ ಗಟ್ಟಿ ಛಾವಣಿ ಬಯಸಿದರೆ ಅದನ್ನು ಯಾರೂ ತಪ್ಪೆನ್ನಲಾರರು. ನಾನು ಕೇಳುವುದು ಇಷ್ಟೇ: ಗಟ್ಟಿಯೂ ತಂಪೂ ಆದ ಛಾವಣಿಗೆ ಅರ್ಜಿ ಹಾಕುವ ಜಾಗ ಯಾಕಿಲ್ಲ?

ತಗಡು

ವಸತಿ ಯೋಜನೆಗಳಿವೆ. ಪಿಎಂ ಆವಾಸ್ ಗ್ರಾಮೀಣದಲ್ಲಿ ಬಯಲು ಸೀಮೆಯ ಒಂದು ಮನೆಗೆ 1,20,000 ರೂಪಾಯಿ. ಆ ಹಣದಲ್ಲಿ ಗೋಡೆ ಎದ್ದ ಮೇಲೆ ಹಲವರಿಗೆ ಉಳಿಯುವುದು ತಗಡಿನಷ್ಟು. ಬೇಸಿಗೆಯಲ್ಲಿ ತಗಡಿನ ಕೆಳಗೆ ಮಧ್ಯಾಹ್ನ ಕೂರಲಾಗದೆ ಮುದುಕರು ಬೇವಿನ ಗಿಡದ ಕೆಳಗಿನ ಕಟ್ಟೆಗೆ ಬರುತ್ತಾರೆ. ಮನೆ ಕೊಟ್ಟ ಯೋಜನೆ ಒಂದು ಇಲಾಖೆಯದು, ಸೋಲಾರ್ ಕೊಡುವ ಯೋಜನೆ ಇನ್ನೊಂದರದು. ಕೊಟ್ಟ ಮನೆ ಎಷ್ಟು ಕಾಯುತ್ತದೆ ಎಂಬುದನ್ನು ಎರಡೂ ಕೇಳುವುದಿಲ್ಲ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಕಟ್ಟಡಗಳಿಗೆ ಇಕೋ ನಿವಾಸ್ ಸಂಹಿತೆ ಎಂಬ ನಿಯಮ ರೂಪಿಸಿತು. ಛಾವಣಿಯಿಂದ ಎಷ್ಟು ಶಾಖ ಒಳಗಿಳಿಯಬಹುದು ಎಂಬ ಮಿತಿ ಅದರಲ್ಲಿದೆ. ಆದರೆ ಅದು ಲಕ್ಷ್ಯವಿಟ್ಟದ್ದು ಐನೂರು ಚದರ ಮೀಟರಿಗೆ ಕಡಿಮೆಯಿಲ್ಲದ ನಿವೇಶನಗಳ ಮೇಲೆ. ಅಂತೂರ ಬೆಂತೂರದ ಬಡವರ ಮನೆ ಆ ಅಳತೆಗೆ ಬರುವುದಿಲ್ಲ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಲೇಪ, ಹೆಂಚು, ಹೊದಿಕೆ ಇವನ್ನು ಸರಕಾರದ ಕೆಲಸವೆಂದು ಅದು ಒಪ್ಪಿಕೊಂಡಿತು. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿಯುವ ನಮ್ಮವರಿಗೆ ಬೇಸಿಗೆಗೆ ಮುಂಚೆ ಛಾವಣಿಗೂ ಬಳಿಯಿರಿ ಎಂದು ಹೇಳುವುದು ಕಷ್ಟವಲ್ಲ. ಅದಕ್ಕೊಂದು ಸಣ್ಣ ಸಹಾಯಧನ ಇಟ್ಟರೆ ಇನ್ನೂ ಒಳ್ಳೆಯದು.

ಸೊನ್ನೆ ಬಿಲ್ಲು

ಮೂರನೆಯ ತಡೆಯನ್ನು ತಡೆ ಎನ್ನಲು ಮನಸ್ಸು ಬರುವುದಿಲ್ಲ, ಏಕೆಂದರೆ ಅದು ಬಡಮನೆಗೆ ಬಂದ ದೊಡ್ಡ ನೆರವು. ರಾಜ್ಯ ಸರಕಾರದ ಗೃಹಜ್ಯೋತಿ ಯೋಜನೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಆರಂಭವಾಯಿತು. ಇನ್ನೂರು ಯೂನಿಟ್ ಒಳಗಿನ ಮನೆಗಳಿಗೆ, ಅವರವರ ಅರ್ಹ ಮಿತಿಯವರೆಗೆ ಕರೆಂಟು ಉಚಿತ.

"ಬಿಲ್ ಝೀರೋ ಬರ್ತೈತ್ರಿ. ಸೋಲಾರ್ ಹಾಕ್ಸಿ ನಾ ಏನ ಉಳಸ್ಲಿ?" ಎಂದು ಒಬ್ಬ ಅಕ್ಕ ಕೇಳಿದರು. ಇದಕ್ಕೆ ಎದುರುತ್ತರ ಇಲ್ಲ. ಲೆಕ್ಕ ಅವರ ಕಡೆಗೇ ಇದೆ.

ಲೆಕ್ಕ ಬರೆದು ನೋಡಿದೆ. ತಿಂಗಳಿಗೆ 360 ಯೂನಿಟ್ ಬಳಸುವ ಮನೆ ಮೂರು ಕಿಲೋವಾಟ್ ಹಾಕಿಸಿದರೆ, ಸರಕಾರದ ಮೂಲದರದಲ್ಲಿ ಖರ್ಚು 1,45,000. ಸಹಾಯಧನ 78,000 ಕಳೆದರೆ ಕೈಯಿಂದ 67,000. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಹಿಡಿದರೆ ತಿಂಗಳಿಗೆ ಎರಡು ಸಾವಿರ ದಾಟಿ ಉಳಿತಾಯ. ಮೂರು ವರ್ಷದೊಳಗೆ ಹಾಕಿದ್ದು ಬರುತ್ತದೆ. ಮಾರಾಟಗಾರ ಮೂಲದರಕ್ಕಿಂತ ಹೆಚ್ಚು ಹೇಳಿದರೂ ನಾಲ್ಕೈದು ವರ್ಷ. ಅದೇ ತಿಂಗಳಿಗೆ ಅರವತ್ತು ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುವ ಮನೆಗೆ ಹಾಕಿದ್ದು ಬಿಲ್ಲಿನ ದಾರಿಯಲ್ಲಿ ಎಂದೂ ವಾಪಸು ಬರುವುದಿಲ್ಲ.

ಗುಜರಾತ್, ಮಹಾರಾಷ್ಟ್ರಗಳಲ್ಲಿ ಮನೆಗಳ ಮೇಲೆ ಲಕ್ಷಗಟ್ಟಲೆ ಫಲಕ ಏರಿದರೆ ಕರ್ನಾಟಕ ಬಹಳ ಹಿಂದೆ ಉಳಿದದ್ದಕ್ಕೆ ಇದೂ ಒಂದು ಕಾರಣ. ಒಂದು ಸರಕಾರ ಬಿಲ್ಲನ್ನೇ ತೆಗೆದಿದೆ, ಇನ್ನೊಂದು ಬಿಲ್ಲು ತಗ್ಗಿಸುವ ಯಂತ್ರಕ್ಕೆ ಹಣ ಕೊಡುತ್ತಿದೆ. ಎರಡೂ ಜನರಿಗೆ ಒಳ್ಳೆಯದನ್ನೇ ಬಯಸಿವೆ. ಎರಡೂ ಒಂದೇ ಮನೆಯ ಬಾಗಿಲಲ್ಲಿ ಭೇಟಿಯಾದಾಗ ಮನೆಯವರು ಯಾವುದು ಸುಲಭವೋ ಅದನ್ನು ಹಿಡಿಯುತ್ತಾರೆ.

ಉಳಿಸಿದವರ ಪಾಲು

ಗೃಹಜ್ಯೋತಿಯೊಳಗೇ ಇನ್ನೊಂದು ಸಂಗತಿ ನನ್ನನ್ನು ಕಾಡಿತು. ಯಾವ ಮನೆಗೆ ಎಷ್ಟು ಯೂನಿಟ್ ಉಚಿತ ಎಂಬುದನ್ನು 2022-23ರ ಸರಾಸರಿ ಬಳಕೆಗೆ ಶೇಕಡಾ ಹತ್ತು ಸೇರಿಸಿ ನಿಗದಿ ಮಾಡಿದರು. ಆ ವರ್ಷ ಸರಾಸರಿ 150 ಬಳಸಿದ ಮನೆಗೆ 165 ಉಚಿತ. 70ರಲ್ಲಿ ಸಂಸಾರ ನಡೆಸಿದ ಮನೆಗೆ 77. ದೀಪ ಆರಿಸಿ ಹೊರಬಂದವರಿಗೆ, ಫ್ಯಾನು ಒಂದೇ ಇಟ್ಟುಕೊಂಡವರಿಗೆ ಪಾಲು ಕಡಿಮೆ.

30 ಯೂನಿಟ್ ಬಳಸುವ ಮನೆಗೆ ಶೇಕಡಾ ಹತ್ತು ಎಂದರೆ ಮೂರೇ ಯೂನಿಟ್ಟು. ಇದು ಅನ್ಯಾಯ ಎಂದು ಸರಕಾರಕ್ಕೂ ತೋರಿತು. 2024ರ ಜನವರಿಯಲ್ಲಿ ಸಚಿವ ಸಂಪುಟ 48 ಯೂನಿಟ್ ಒಳಗಿನವರಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ ಕೊಡಲು ಒಪ್ಪಿತು. ಒಳ್ಳೆಯ ತಿದ್ದುಪಡಿ. ಆದರೂ ಉಳಿತಾಯಕ್ಕೆ ಬಹುಮಾನ ಎಂಬುದು ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಒಂದು ಕಡೆ ಮಾತ್ರ ಉಳಿತಾಯ ಕೆಲಸಕ್ಕೆ ಬರುತ್ತದೆ. ಇನ್ನೂರರ ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಗಡಿಯ ಹತ್ತಿರ ಓಡಾಡುವ ಮನೆಗೆ ಹತ್ತು ಯೂನಿಟ್ ಉಳಿಸಿದರೂ ಅದು ಸಾವಿರಕ್ಕೂ ಹೆಚ್ಚು ರೂಪಾಯಿಯ ಮಾತು.

ಕರೆಂಟು ಹೋದಾಗ

"ಲೈಟ್ ಹ್ವಾದಾಗ ಸೋಲಾರ್ ಇದ್ದೋರ ಮನ್ಯಾಗ ದೀಪ ಇರ್ತಾವಲ್ಲ?" ಈ ಪ್ರಶ್ನೆ ಮತ್ತೆ ಮತ್ತೆ ಬಂತು. ಇರುವುದಿಲ್ಲ. ಈ ಯೋಜನೆಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ, ಹೆಸ್ಕಾಂ ತಂತಿಗೆ ಜೋಡಿಸಿದ ವ್ಯವಸ್ಥೆ. ತಂತಿಯಲ್ಲಿ ಕರೆಂಟು ನಿಂತ ಕೂಡಲೇ ಇನ್ವರ್ಟರ್ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಇಲ್ಲವಾದರೆ ಮನೆಯ ಫಲಕದ ಕರೆಂಟು ತಂತಿಗೆ ಹರಿದು, ಲೈನ್ ಬಂದ್ ಆಗಿದೆಯೆಂದು ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕೆ ಬರುತ್ತದೆ.

ಇದನ್ನು ಹೇಳಿದಾಗ ಕೇಳಿದವರ ಉತ್ಸಾಹ ಅರ್ಧ ಇಳಿಯಿತು. ಹಳ್ಳಿಯವರಿಗೆ ಸೋಲಾರ್ ಎಂದರೆ ಕತ್ತಲಲ್ಲಿ ಉರಿಯುವ ದೀಪ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋದಂಥ ಸಂಸ್ಥೆಗಳು, ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರ ಕಾಲದಿಂದ, ಗ್ರಾಮೀಣ ಬ್ಯಾಂಕುಗಳ ಸಾಲದ ಜೊತೆ ಮನೆಮನೆಗೆ ಒಯ್ದದ್ದು ಬ್ಯಾಟರಿ ಇರುವ ಪುಟ್ಟ ವ್ಯವಸ್ಥೆಯನ್ನೇ. ನಾಲ್ಕು ದೀಪ, ರಾತ್ರಿ ಓದುವ ಮಕ್ಕಳು, ಹೊಲಿಗೆ ಯಂತ್ರ. ಜನರ ಬೇಡಿಕೆ ಆ ಅನುಭವದಿಂದ ಬಂದದ್ದು. ಈಗಿನ ಯೋಜನೆ ಬೇರೆ ಉದ್ದೇಶದ್ದು. ಮಾರಾಟಗಾರರು ಇದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಬಿಪಿಎಲ್ ಕಾರ್ಡು

ಅರ್ಜಿ ವಿಚಾರಿಸಲು ಬಂದವರು ಕೈಯಲ್ಲಿ ಬಿಪಿಎಲ್ ಕಾರ್ಡು ಹಿಡಿದೇ ಬರುತ್ತಾರೆ. ಸರಕಾರದ ಯೋಜನೆ ಎಂದರೆ ಕಾರ್ಡು ಕೇಳುತ್ತಾರೆ ಎಂಬುದು ರೂಢಿ. ಸೂರ್ಯ ಘರ್ ಅರ್ಜಿಗೆ ಆದಾಯದ ಮಿತಿ ಇಲ್ಲ. ಸ್ವಂತ ಛಾವಣಿ, ಚಾಲ್ತಿಯ ಸಂಪರ್ಕ, ಹಿಂದೆ ಸೋಲಾರ್ ಸಹಾಯಧನ ಪಡೆಯದಿರುವುದು, ಇಷ್ಟು ಸಾಕು. ಬಡವರಿಗೆ ಹೆಚ್ಚು ಎಂಬ ಏರ್ಪಾಡೂ ಇಲ್ಲ. ಬಂಗಲೆಗೂ 78,000, ಕೂಲಿಯವನ ಮನೆಗೂ ಅಷ್ಟೇ. ಮೇಲಿನ ಪಾಲು ಹಾಕಲು ಯಾರಿಗೆ ಆಗುತ್ತದೋ ಅವರಿಗೆ ಸಹಾಯಧನ ತಲುಪುತ್ತದೆ.

ಸಾಲವಿದೆ. ಮೂರು ಕಿಲೋವಾಟಿನವರೆಗೆ ಎರಡು ಲಕ್ಷ ರೂಪಾಯಿ, ಆಸ್ತಿಯ ಅಡವು ಬೇಡ, ಬಡ್ಡಿಯೂ ಉಳಿದ ಸಾಲಗಳಿಗಿಂತ ಕಡಿಮೆ. ಆದರೆ ಬ್ಯಾಂಕು ಹಳೆಯ ಸಾಲ ನೋಡುತ್ತದೆ. ಹೆಸರು ಬೆಳೆ ಕೈಕೊಟ್ಟ ವರ್ಷ, ಮೆಣಸಿನಕಾಯಿ ದರ ಬಿದ್ದ ವರ್ಷ ಬೆಳೆಸಾಲ ಬಾಕಿ ಉಳಿದಿರುತ್ತದೆ. ಅಂಥ ಮನೆ ಬ್ಯಾಂಕಿನ ಬಾಗಿಲಲ್ಲೇ ನಿಲ್ಲುತ್ತದೆ. ಸಹಾಯಧನ ಕೆಲಸ ಮುಗಿದ ಮೇಲೆ ಬರುವುದರಿಂದ ಮೊದಲ ಹಣ ಎಲ್ಲಿಂದ ಎಂಬುದು ಕಡೆಗೂ ಮನೆಯವರ ಚಿಂತೆ.

ಬಲ್ಬು ಹೇಗೆ ಬಂತು

ಹಾಗಾದರೆ ಸರಕಾರದ ಯಾವ ಇಂಧನ ಯೋಜನೆಯೂ ಹಳ್ಳಿಮನೆಗೆ ಸಲೀಸಾಗಿ ಬರಲಿಲ್ಲವೇ? ಬಂದಿದೆ. ತಲೆಯೆತ್ತಿ ನೋಡಿದರೆ ಸಾಕು, ಎಲ್ಲ ಮನೆಯಲ್ಲೂ ಎಲ್‌ಇಡಿ ಬಲ್ಬು. ಕೇಂದ್ರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದೇ ವರ್ಷದ ಕೊನೆಗೆ ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂತು. ಕರೆಂಟ್ ಬಿಲ್ಲು, ಗುರುತಿನ ಚೀಟಿ ತೋರಿಸಿ ಒಂಬತ್ತು ವಾಟಿನ ಬಲ್ಬು ಕೊಂಡು ಬರುವುದು. ಬಿಲ್ಲು ಯಾರ ಹೆಸರಲ್ಲಿದೆ, ಛಾವಣಿ ಎಂಥದು ಎಂದು ಯಾರೂ ಕೇಳಲಿಲ್ಲ. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬು ಹೀಗೆ ಮನೆ ಸೇರಿದವು. ಅರವತ್ತು ವಾಟಿನ ಜಾಗದಲ್ಲಿ ಒಂಬತ್ತು ವಾಟು. ಒಂದು ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಏಳೂವರೆ ಯೂನಿಟ್ ಉಳಿತಾಯ.

ಅರ್ಜಿ ಎಷ್ಟು ಚಿಕ್ಕದಾಗಿತ್ತೋ ಫಲ ಅಷ್ಟು ದೊಡ್ಡದಾಯಿತು.

ಫ್ಯಾನು

ಹಾಗೆ ನೋಡಿದರೆ ಮುಂದಿನ ಸರದಿ ಫ್ಯಾನಿನದು. ಹಳೆಯ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟರಿನದು ಮೂವತ್ತರ ಸುತ್ತಮುತ್ತ. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ ಹದಿನಾರು ಯೂನಿಟ್ ಉಳಿಯುತ್ತದೆ. 2023ರ ಜನವರಿಯಿಂದ ಫ್ಯಾನುಗಳಿಗೂ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ. ಅಂಗಡಿಯಲ್ಲಿ ಐದು ನಕ್ಷತ್ರದ್ದು ಕೇಳಿದರೆ ದರ ಸಾದಾ ಫ್ಯಾನಿನ ಹತ್ತಿರ ಹತ್ತಿರ ಎರಡು ಪಟ್ಟು. ಆ ವ್ಯತ್ಯಾಸಕ್ಕೆ ಸಹಾಯಧನ ಕೊಟ್ಟು, ಬಲ್ಬಿನಂತೆಯೇ ಹೆಸ್ಕಾಂ ಕೌಂಟರಿನಲ್ಲಿ ಕೊಟ್ಟರೆ ಮೇಲ್ಮುದ್ದಿ, ತಗಡು, ಬಾಡಿಗೆ ಎಲ್ಲ ಮನೆಗೂ ಮುಟ್ಟುತ್ತದೆ. ಗೃಹಜ್ಯೋತಿಯ ವೆಚ್ಚ ಭರಿಸುವ ರಾಜ್ಯ ಸರಕಾರಕ್ಕೂ ಇದು ಲಾಭವೇ. ಜನ ಉಳಿಸಿದ ಪ್ರತಿ ಯೂನಿಟ್ಟನ್ನೂ ಖಜಾನೆ ತುಂಬಿಕೊಡುವುದು ತಪ್ಪುತ್ತದೆ.

ಒಲೆ

ಮನೆಯ ಇಂಧನ ಎಂದರೆ ಕರೆಂಟು ಮಾತ್ರ ಎಂದು ಅರ್ಜಿಗಳು ನಂಬಿದಂತಿದೆ. ಊರಲ್ಲಿ ಬೆಳಗ್ಗೆ ಸುತ್ತಿದರೆ ಬಚ್ಚಲ ಒಲೆಯ ಹೊಗೆ ಕಾಣುತ್ತದೆ. ಸ್ನಾನದ ನೀರಿಗೆ ಹತ್ತಿ ಕಟ್ಟಿಗೆ, ಜಾಲಿ, ಕುಳ್ಳು. ಗ್ಯಾಸು ಬಂದ ಮೇಲೂ ಹಂಡೆಯ ಕೆಳಗಿನ ಬೆಂಕಿ ಆರಿಲ್ಲ. 2016ರ ಉಜ್ವಲಾ ಯೋಜನೆ ಸಿಲಿಂಡರನ್ನು ಅಡಿಗೆಮನೆಗೆ ತಂದಿತು, ಬಚ್ಚಲಿಗೆ ತರಲಿಲ್ಲ.

ಇದಕ್ಕೂ ಹಿಂದೆ ಒಂದು ಒಳ್ಳೆಯ ಕೆಲಸ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಯವರ ನಡುವೆ ಪ್ರಯೋಗ ನಡೆಸಿದರು. ಅಲ್ಲಿಂದ ಬಂದ ಅಸ್ತ್ರ ಒಲೆ ಕಡಿಮೆ ಕಟ್ಟಿಗೆಯಲ್ಲಿ ಮೂರು ಪಾತ್ರೆ ಕಾಯಿಸಿ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುತ್ತಿತ್ತು. ಕೇಂದ್ರ ಸರಕಾರದ ಸುಧಾರಿತ ಒಲೆ ಕಾರ್ಯಕ್ರಮ 1983ರಿಂದ 2002ರವರೆಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳಿಗೆ ಸಹಾಯಧನ ಕೊಟ್ಟಿತು. ಒಲೆ ಹಾಕಿದ ಲೆಕ್ಕ ಬರೆದರು. ಕೊಳವೆ ಬಿರುಕು ಬಿಟ್ಟಾಗ ರಿಪೇರಿಗೆ ಯಾರು ಬರಬೇಕು ಎಂಬುದನ್ನು ಗಟ್ಟಿ ಮಾಡಲಿಲ್ಲ. ಬಹಳ ಒಲೆಗಳು ಅಲ್ಲಿಗೇ ನಿಂತವು. ಈಗಿನ ಸೋಲಾರಿಗೆ ಮಾರಾಟಗಾರ ಐದು ವರ್ಷ ನಿರ್ವಹಣೆ ನೋಡಬೇಕು ಎಂಬ ಷರತ್ತು ಇದೆ. ಆ ಷರತ್ತನ್ನು ಒಪ್ಪಂದದಲ್ಲಿ ಓದಿ ಸಹಿ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಒಲೆಯ ಚರಿತ್ರೆ ಕಲಿಸಿದ ಪಾಠ ಅದು.

ಗಾಳಿಯಂತ್ರ

ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಸುತ್ತ, ಹೊಲಗಳ ನಡುವೆ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಅವುಗಳಿಗೆ ಜಮೀನು ಬೇಕಾದಾಗ ಕಂಪನಿಯ ಕಡೆಯವರು ರೈತರ ಮನೆಗೆ ಬರುತ್ತಾರೆ. ಉತಾರ ತೆಗೆಸುತ್ತಾರೆ, ವಾರಸಾ ಹಚ್ಚಿಸುತ್ತಾರೆ, ಊರಲ್ಲಿಲ್ಲದ ತಮ್ಮನನ್ನು ಕರೆಸುತ್ತಾರೆ. ಕಾಗದ ಸರಿಯಾಗಿಬಿಡುತ್ತದೆ. ಅದೇ ರೈತ ತನ್ನ ಛಾವಣಿಗೆ ಎರಡು ಕಿಲೋವಾಟ್ ಬೇಕೆಂದಾಗ ಎಲ್ಲ ಬಾಗಿಲೂ ತಾನೇ ತಟ್ಟಬೇಕು. ಕಾಗದ ಸರಿಮಾಡುವುದು ಅಸಾಧ್ಯವಲ್ಲ, ಮಾಡಿಕೊಡುವವರು ಬೇಕು ಎಂಬುದಕ್ಕೆ ಜಿಲ್ಲೆಯಲ್ಲೇ ಸಾಕ್ಷಿ ಇದೆ.

ಹೀಗೆ ಮನೆಗೇ ಬಂದು ಮಾಡಿಕೊಡುವ ಕ್ರಮ ಬೇರೆಡೆಯೂ ಇದೆ. ಅಮೆರಿಕದಲ್ಲಿ 1976ರಿಂದ ಬಡವರ ಮನೆಗೆ ಇಂಧನ ಉಳಿಸುವ ದುರಸ್ತಿ ಮಾಡಿಕೊಡುವ ಸರಕಾರಿ ಕಾರ್ಯಕ್ರಮವಿದೆ. ಅಲ್ಲಿ ಮೊದಲು ಒಬ್ಬ ತಜ್ಞ ಮನೆಗೆ ಬಂದು ಶಾಖ ಎಲ್ಲಿ ಸೋರುತ್ತದೆ ನೋಡುತ್ತಾನೆ, ಆಮೇಲೆ ಯಾವ ಕೆಲಸಕ್ಕೆ ಹಣ ಎಂಬುದು ತೀರ್ಮಾನವಾಗುತ್ತದೆ. ಅವರದು ಚಳಿಯ ಚಿಂತೆ, ನಮ್ಮದು ಬಿಸಿಲಿನ ಚಿಂತೆ. ಆದರೆ ಮನೆ ನೋಡಿ ಹಣ ಕೊಡುವ ಕ್ರಮ ನಮಗೂ ಒಗ್ಗುವಂಥದು.

ಕಣಗಿನಹಾಳ

ಮಾಡಿಕೊಡುವವರು ಯಾರು ಎಂದು ಯೋಚಿಸುವಾಗ ಇದೇ ಗದಗ ತಾಲ್ಲೂಕಿನ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬರಾಗಿ ಹೋದರೆ ಸಿಗದ ಸಾಲ ಹತ್ತು ಜನ ಕೂಡಿದರೆ ಸಿಗುತ್ತದೆ ಎಂದು ಆ ಕಾಲದಲ್ಲೇ ತೋರಿಸಿದರು. ವಿದ್ಯುತ್ತಿನಲ್ಲೂ ಇಂಥ ಉದಾಹರಣೆ ದೂರವಿಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ಮನೆಗಳಿಗೆ ಕರೆಂಟು ಹಂಚುತ್ತಿದೆ.

ಸೂರ್ಯ ಘರ್ ಯೋಜನೆಯಲ್ಲೂ ಕೂಡಿ ಮಾಡುವ ದಾರಿ ಇದೆ. ವಿದ್ಯುತ್ ಕಂಪನಿಯೇ ಹಲವು ಮನೆಗಳ ಪರವಾಗಿ ಫಲಕ ಹಾಕಿಸುವುದು ಒಂದು. ಬೇರೆ ಸಂಸ್ಥೆ ಹಣ ಹೂಡಿ, ಮನೆಯವರು ಬಳಸಿದ ಕರೆಂಟಿಗಷ್ಟೇ ದುಡ್ಡು ಕೊಡುವುದು ಇನ್ನೊಂದು. ಊರಿನ ಪ್ರತಿ ಛಾವಣಿಗೆ ಗ್ರಾಮ ಪಂಚಾಯ್ತಿಗೆ ಸಾವಿರ ರೂಪಾಯಿ ಪ್ರೋತ್ಸಾಹಧನವನ್ನೂ ಇಟ್ಟಿದ್ದಾರೆ. ಈ ಸಾವಿರದ ವಿಷಯ ಎತ್ತಿದಾಗ ಊರಿನಲ್ಲಿ ಹೆಚ್ಚಿನವರು ಅದನ್ನು ಮೊದಲ ಸಲ ಕೇಳಿದ್ದು.

ಕಡೆಯ ಟಿಪ್ಪಣಿ

ಪ್ರಶ್ನೆಗೆ ಉತ್ತರ ಹೀಗೆ ಬರೆದುಕೊಂಡೆ: ಈಗಿನ ಅರ್ಜಿ ಹುಡುಕುವುದು ಗಟ್ಟಿ ಛಾವಣಿ, ಸರಿಯಾದ ಹೆಸರು, ಕೈಯಲ್ಲಿ ಹಣ, ದೊಡ್ಡ ಬಿಲ್ಲು ನಾಲ್ಕೂ ಇರುವ ಮನೆಯನ್ನು. ಅಂಥ ಮನೆ ಊರಲ್ಲಿ ಕೆಲವೇ. ಉಳಿದ ಮನೆಗಳಲ್ಲಿ ಇಂಧನ ಉಳಿಸುವ ಕೆಲಸ ಫ್ಯಾನಿನಲ್ಲಿದೆ, ಒಲೆಯಲ್ಲಿದೆ, ಬಿಸಿಲು ತಡೆಯುವ ಛಾವಣಿಯಲ್ಲಿದೆ. ಅದಕ್ಕೆ ಅರ್ಜಿ ನಮೂನೆಯೇ ಇಲ್ಲ. ಆ ನಮೂನೆ ಬರಬೇಕು. ಅದನ್ನು ಕೇಳುವುದು ಗ್ರಾಮಸಭೆಯ ಹಕ್ಕು.

ಅಲ್ಲಿಯವರೆಗೆ ಓದುಗರಲ್ಲಿ ಕೆಲವು ಬೇಡಿಕೆ. ನಿಮ್ಮ ಮನೆಯ ಕರೆಂಟ್ ಬಿಲ್ಲು ತೆಗೆದು ಅದರ ಮೇಲಿನ ಹೆಸರು ನೋಡಿ. ತೀರಿಹೋದವರದಾಗಿದ್ದರೆ ಸೋಲಾರ್ ಬೇಕೋ ಬೇಡವೋ, ಹೆಸರು ಮಾತ್ರ ಬದಲಾಯಿಸಿಕೊಳ್ಳಿ. ಅಣ್ಣತಮ್ಮಂದಿರು ಹಬ್ಬಕ್ಕೆ ಕೂಡಿದಾಗಲೇ ಆ ಸಹಿ ಮುಗಿಸಿ. ತಿಂಗಳಿಗೆ ಇನ್ನೂರು ಯೂನಿಟ್ ದಾಟುವ, ಆರ್‌ಸಿಸಿ ಇರುವ ಮನೆಯವರು ಅರ್ಜಿ ಹಾಕಲು ತಡ ಮಾಡಬೇಡಿ. ಒಂದು ಕೋಟಿ ಮನೆಗಳ ಗುರಿಯನ್ನು 2026-27ಕ್ಕೆ ಇಟ್ಟುಕೊಂಡಿದ್ದಾರೆ. ಸರಕಾರದಿಂದ ಪೂರ್ತಿ ಪುಕ್ಕಟೆ ಸೋಲಾರ್ ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಂಚಾಯ್ತಿಯವರು ಗ್ರಾಮಸಭೆಯ ದಿನ ಹೆಸ್ಕಾಂ ಶಾಖಾಧಿಕಾರಿ, ಬ್ಯಾಂಕಿನವರು, ಗ್ರಾಮ ಒನ್ ಕೇಂದ್ರದವರು ಮೂವರನ್ನೂ ಒಂದೇ ಮೇಜಿಗೆ ಕೂಡಿಸಲಿ. ಅಂತೂರ ಬೆಂತೂರದಲ್ಲಿ ಅರ್ಜಿ ಮುಂದೆ ಸಾಗಲು ಮೊದಲು ಬೇಕಾದದ್ದು ಆ ಮೇಜು.